ಅಂಗೈ ಮೀರಿದ ಪೊರೆ

ಬೇಕಾದರೆ ನನ್ನ ಅಕ್ಕನನ್ನೇ ಕೇಳಿ. ಜೇಡ ಕಂಡರೆ ಅವಳಿಗೆ ಆಗುವುದಿಲ್ಲ, ನನ್ನ ಪರವಾಗಿ ಸುಳ್ಳು ಹೇಳುವವಳೂ ಅಲ್ಲ.

ವರ್ಷಗಟ್ಟಲೆ ಆಸೆಪಟ್ಟು ಕೊನೆಗೂ ಟರಾಂಟುಲಾ ಜೇಡದ ಮರಿಯೊಂದನ್ನು ತಂದಿದ್ದೆ, ಅಂಗಿಯ ಗುಂಡಿಯಷ್ಟು ಪುಟ್ಟದು! ಹೊಸ ಗಾಜಿನ ಪೆಟ್ಟಿಗೆಯಲ್ಲಿ ತೆಂಗಿನ ನಾರಿನ ಪುಡಿ ಹಾಸಿ, ಅಡಗಿಕೊಳ್ಳಲು ತೊಗಟೆ ಇಟ್ಟು, ಮರಿಯನ್ನು ಬಿಟ್ಟು ಬೀಗ ಹಾಕಿದೆ. ಬೀಗದ ಕೈ ಅಕ್ಕನ ಬಳಿ. ಅದು ಅವಳ ಷರತ್ತು.

ಹೊಂದಿಕೊಳ್ಳುವವರೆಗೆ ಮುಟ್ಟಬಾರದಂತೆ. ನೋಡುತ್ತಲೇ ಕೂತೆ. ಮಧ್ಯಾಹ್ನ ಪುಡಿಯಡಿಯಿಂದ ಕರಕರ ಸದ್ದು ಬಂತು. ಮರಿ ಮಾತ್ರ ಮೂಲೆಯ ಗಾಜಿಗೆ ಅಂಟಿಕೊಂಡಿತ್ತು. ಗಾಜು ಯಾರದೋ ಕೆನ್ನೆಯಂತೆ ಬೆಚ್ಚಗಿತ್ತು.

ಸಂಜೆ ತೊಗಟೆಯ ಬಳಿ ಪೊರೆ ಕಂಡಿತು.

"ಅಕ್ಕಾ, ಬಾರೇ! ಬಂದ ದಿನವೇ ಪೊರೆ ಬಿಟ್ಟಿದೆ!" ಎಂದು ಕುಣಿದಾಡಿದೆ.

ಅವಳು ಬೀಗ ತೆಗೆದಳು. ಪೊರೆಯನ್ನು ಅಂಗೈಗೆ ಹಾಕಿಕೊಂಡೆ. ಇನ್ನೂ ಹಸಿಯಾಗಿತ್ತು. ಅದರ ಕಾಲುಗಳು ನನ್ನ ಬೆರಳುಗಳಾಚೆ ಇಳಿಬಿದ್ದವು.

"ಲೋ, ಪೊರೆ ಬಿಟ್ಟ ಮೇಲೆ ಜೇಡ ಇನ್ನೂ ದೊಡ್ಡದಾಗುತ್ತೆ ಅಂತ ನೀನೇ ಅಂದಿದ್ದೆ ತಾನೇ?"

"ಹೂಂ."

"ಮತ್ತೆ ಇದರೊಳಗಿಂದ ಬಂದಿದ್ದು ಎಲ್ಲೋ?"

ಮರಿ ಮೂಲೆಯಲ್ಲೇ ಇತ್ತು, ಗುಂಡಿಯಷ್ಟೇ. ಪುಡಿಯನ್ನೆಲ್ಲ ಜರಡಿ ಹಿಡಿದರೂ ಇನ್ನೇನೂ ಸಿಗಲಿಲ್ಲ.

ಈಗ ಆಹಾರ ಹಾಕುವ ರಾತ್ರಿಗಳಲ್ಲಿ ಎರಡು ಜಿರಳೆ ಬಿಡುತ್ತೇನೆ: ಮರಿಗೊಂದು ಸಣ್ಣದು, ಜೊತೆಗೊಂದು ದೊಡ್ಡದು. ಬೆಳಗಾಗುವಷ್ಟರಲ್ಲಿ ಎರಡೂ ಇರುವುದಿಲ್ಲ.