ಹದಿನೇಳನೇ ನಂಬರಿನ ಕಲ್ಲು

2025ರ ನವೆಂಬರ್ 17, ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಹಳೇಬೀಡು ಠಾಣೆಗೆ ಬಂದ ಮುಖ್ಯೋಪಾಧ್ಯಾಯಿನಿ ಹೇಮಾಶ್ರೀ, ಕಲ್ಲು ಕಳವಾಗಿದೆ ಎಂದರು. ಈ ಊರಲ್ಲಿ ಕಲ್ಲು ಕಳವು ಅಂದರೆ ಯಾವ ಪೊಲೀಸಿನವನ ಎದೆಯಾದರೂ ಧಸಕ್ಕೆನ್ನುತ್ತದೆ. ಇನ್ಸ್‌ಪೆಕ್ಟರ್ ಶಿವಪ್ರಕಾಶ್ ಟೀ ಲೋಟ ಕೆಳಗಿಟ್ಟರು.

"ಯಾವ ವಿಗ್ರಹ ಮೇಡಂ? ಬಸ್ತಿಹಳ್ಳಿ ಬಸದಿದಾ?"

"ವಿಗ್ರಹ ಅಲ್ಲ ಸರ್, ಬರೀ ಕಲ್ಲು. ನಮ್ಮ ಸ್ಕೂಲಿನ ಗಾಜಿನ ಬೀರು ಒಡೆದಿದಾರೆ."

"ಬೀರುವಲ್ಲಿ ಎಷ್ಟಿದ್ವು?"

"ಇಪ್ಪತ್ನಾಲ್ಕು. ದೇಶದಲ್ಲಿ ಸಿಗೋ ಖನಿಜಗಳು. ಒಂದೊಂದರ ಮುಂದೆ ಹೆಸರು, ಉಪಯೋಗ ಬರೆದ ಚೀಟಿ."

"ಹೋಗಿದ್ದು?"

"ಹದಿನೇಳನೇ ನಂಬರು. ಅದೊಂದೇ. ಅದರ ಚೀಟೀನೂ ಇಲ್ಲ."

ಬರೆದುಕೊಳ್ಳುತ್ತಿದ್ದ ಕಾನ್ಸ್‌ಟೇಬಲ್ ಪ್ರತಿಮಾ ಪೆನ್ನು ನಿಲ್ಲಿಸಿ ಸಾಹೇಬರ ಮುಖ ನೋಡಿದಳು. ಹೇಮಾಶ್ರೀಗೂ ನಾಚಿಕೆಯಾಗಿತ್ತು. "ನಾನಾಗಿದ್ರೆ ಬರ್ತಿರಲಿಲ್ಲ ಸರ್. ದಾನಿಗಳು ಬಿಡಲಿಲ್ಲ, ಬೆಳಿಗ್ಗೆಯಿಂದ ಮೂರು ಸಲ ಫೋನು" ಎಂದರು. ದಾನಿ ಅಂದರೆ ಆ ಬೀರು ಕೊಡಿಸಿದ್ದ ಶಶಿಕಿರಣ್, ಮಾದಿಹಳ್ಳಿ ರಸ್ತೆಯ ಕಲ್ಲುಪುಡಿ ಕಾರ್ಖಾನೆಯ ಮಾಲೀಕ. ಹನ್ನೊಂದಕ್ಕೆ ಎಫ್‌ಐಆರ್ ಆಯಿತು.

ಶಾಲೆಯಲ್ಲಿ ಸ್ಥಳ ಪಂಚನಾಮೆ ಶುರುವಾಗಿದ್ದು ಹನ್ನೊಂದೂ ಮುಕ್ಕಾಲಿಗೆ. ಶಿವಪ್ರಕಾಶ್ ಅವರಿಗೆ ಒಂದು ಹಟವಿತ್ತು, ಪಂಚನಾಮೆಯಲ್ಲಿ ಯಾವುದನ್ನೂ "ಇತ್ಯಾದಿ" ಎಂದು ಬರೆಸುತ್ತಿರಲಿಲ್ಲ. ಹಾಗಾಗಿ ಪ್ರತಿಮಾ ಅರ್ಧ ಗಂಟೆ ಕೂತು ಎಲ್ಲಾ ಚೀಟಿ ನಕಲು ಮಾಡಿದಳು. ಒಂದು, ಕಬ್ಬಿಣದ ಅದಿರು, ಬಳ್ಳಾರಿ, ಉಕ್ಕಿಗೆ. ಎರಡು, ಬಾಕ್ಸೈಟ್, ಒಡಿಶಾ, ಅಲ್ಯೂಮಿನಿಯಂ ಪಾತ್ರೆಗೆ. ಐದು, ಅಭ್ರಕ, ಜಾರ್ಖಂಡ್, ಇಸ್ತ್ರಿ ಪೆಟ್ಟಿಗೆಯೊಳಗೆ. ಒಂಬತ್ತು, ಬಳಪದ ಕಲ್ಲು, ಪೌಡರಿಗೆ, ಕೆತ್ತನೆಗೆ. ಹನ್ನೆರಡು, ಕ್ರೋಮೈಟ್, ನಮ್ಮ ಹಾಸನ ಜಿಲ್ಲೆಯದೇ, ತುಕ್ಕು ಹಿಡಿಯದ ಸ್ಟೀಲಿಗೆ. ಬರೆದು ಬರೆದು ಅವಳ ಬೆರಳು ಸೆಟೆದುಕೊಂಡಿತು. "ಎಲ್ಲಾ ಕಲ್ಲೂ ಏನೋ ಒಂದಕ್ಕೆ ಬರ್ತದೆ ಸರ್, ನಮ್ಮ ಸ್ಟೇಷನ್ ಜೀಪೊಂದು ಬಿಟ್ಟು" ಎಂದಳು.

ಇನ್ಸ್‌ಪೆಕ್ಟರ್ ನೆಲ ನೋಡುತ್ತಿದ್ದರು. ಒಡೆದ ಗಾಜು ನೆಲದ ಮೇಲೆ ಚೆಲ್ಲಿರಲಿಲ್ಲ. ಯಾರೋ ನೀಟಾಗಿ ಗುಡಿಸಿ ಮೂಲೆಗೆ ಒಟ್ಟಿ, ಪೊರಕೆಯನ್ನು ಬಾಗಿಲ ಹಿಂದಕ್ಕೇ ಒರಗಿಸಿ ಹೋಗಿದ್ದರು.

"ಗುಡಿಸಿದ್ದು ನೀವಾ?"

"ನಾವ್ಯಾರೂ ಅಲ್ಲ ಸರ್. ಬೆಳಿಗ್ಗೆ ಬಂದಾಗಲೇ ಹಿಂಗಿತ್ತು."

ಮಕ್ಕಳು ಬರಿಗಾಲಲ್ಲಿ ಬರುತ್ತಾರೆಂದು ಯೋಚಿಸಿದ ಕಳ್ಳ! ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಶಿವಪ್ರಕಾಶ್ ಅಂಥವನನ್ನು ಕಂಡಿರಲಿಲ್ಲ. ಹೆಂಗಸೇ ಇರಬೇಕು ಎಂದುಕೊಂಡರು.

ಬಿಸಿಯೂಟದ ಅಡುಗೆಯ ಮಾದಮ್ಮ ಶನಿವಾರ ಮಧ್ಯಾಹ್ನ, ಅರ್ಧ ದಿನದ ಶಾಲೆ ಬಿಟ್ಟ ಮೇಲೆ, ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳಂತೆ.

"ಏನಾದ್ರೂ ಸದ್ದು?"

"ಫಳ್ ಅಂತು ಸಾ. ಹುಡ್ರು ಲೋಟ ಬೀಳಿಸವ್ರೆ ಅನ್ಕೊಂಡೆ. ಆಮೇಲೆ ಕೆಮ್ಮು. ಅಯ್ಯೋ, ಅದೇನ್ ಕೆಮ್ಮು ಅಂತೀರಿ, ಕರ್ಳು ಕಿತ್ಕೊಂಡು ಬರೋ ಹಂಗೆ."

"ಎಷ್ಟೊತ್ತಿಗೆ?"

"ಹನ್ನೆರಡೂವರೆ ಆಗಿತ್ತೇನೋ. ಹೋಗಿ ನೋಡ್ಬೇಕಿತ್ತು, ಕೈ ಎಲ್ಲಾ ಜಿಡ್ಡಿತ್ತು."

ಹೊರಡುವಾಗ ಹೇಮಾಶ್ರೀಯನ್ನು ಕೇಳಿದರು. "ಹದಿನೇಳನೇ ಚೀಟೀಲಿ ಏನಿತ್ತು, ನೆನಪಿದೆಯಾ?"

"ಬೆಣಚುಕಲ್ಲು. ಕಣಕಟ್ಟೆ ಕಡೆಯದು, ನಮ್ಮ ಕಾರ್ಖಾನೆಯಲ್ಲಿ ಪುಡಿ ಮಾಡಿದ್ದು, ಗಾಜಿಗೆ, ಬಣ್ಣಕ್ಕೆ, ರಂಗೋಲಿಗೆ ಅಂತ. ಕೆಳಗೆ ಅವರದೇ ಸೀಲು."

ಮಧ್ಯಾಹ್ನ ಎರಡೂವರೆಗೆ ಕಾರ್ಖಾನೆಗೆ ಹೋದರೆ ಗೇಟಿನಿಂದಲೇ ಎಲ್ಲ ಬೆಳ್ಳಗಿತ್ತು. ಮರ ಬೆಳ್ಳಗೆ, ನಾಯಿ ಬೆಳ್ಳಗೆ, ಚೀಲ ಹೊಲಿಯುತ್ತಿದ್ದ ಹೆಂಗಸರ ರೆಪ್ಪೆಯೂ ಬೆಳ್ಳಗೆ. ಪ್ರತಿಮಾ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಳು. ಶಶಿಕಿರಣ್ ಏಸಿ ರೂಮಿನಲ್ಲಿ ಕೂರಿಸಿ ಎಳನೀರು ಕೊಡಿಸಿದರು.

"ಕಳವಾಗಿದ್ದು ಯಾವ ಕಲ್ಲು?"

"ಬಳಪದ ಕಲ್ಲು. ನಮ್ಮ ಲೈಸೆನ್ಸ್ ಇರೋದೇ ಅದಕ್ಕೆ."

"ಬಳಪದ ಕಲ್ಲು ಒಂಬತ್ತನೇ ನಂಬರಲ್ಲಿದೆ. ಈಗ ತಾನೇ ಬರೆದು ಬಂದಿದೀವಿ."

ಶಶಿಕಿರಣ್ ಏಸಿ ರಿಮೋಟು ಎತ್ತಿ ಕೆಳಗಿಟ್ಟರು. "ಹಾಗಾದ್ರೆ ಚೀಟಿ ಬರೆದೋರು ತಪ್ಪಾಗಿ ಬರೆದಿರಬೇಕು. ಆ ಚೀಟಿ ಸಿಕ್ಕಿದ್ರೆ ನನಗೆ ಕೊಟ್ಬಿಡಿ ಸರ್, ಕಲ್ಲು ಏನಾದ್ರೂ ಆಗಲಿ."

"ಬೀರು ಉದ್ಘಾಟನೆಗೆ ಇಲ್ಲಿಂದ ಯಾರ್ಯಾರು ಹೋಗಿದ್ರು?"

"ನೀರು, ತಿಂಡಿ ಹಂಚೋಕೆ ಎಂಟು ಜನ ಹೆಂಗಸರನ್ನ ಟೆಂಪೋದಲ್ಲಿ ಕಳ್ಸಿದ್ದೆ. ಎಲ್ಲಾ ಮಾದಿಹಳ್ಳಿಯೋರೇ."

ಮಂಗಳವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಇಬ್ಬರೂ ಮಾದಿಹಳ್ಳಿಯಲ್ಲಿ ಆ ಹೆಂಗಸರಿದ್ದ ಬೀದಿಯಲ್ಲಿದ್ದರು. ಮನೆಮನೆಯ ಮುಂದೆ ರಂಗೋಲಿ, ಬಿಸಿಲಿಗೆ ಮಿಣಮಿಣ ಎನ್ನುತ್ತಿತ್ತು. ಕಾರ್ಖಾನೆಯ ಹೆಂಗಸರು ಸಂಜೆ ಮನೆಗೆ ಬರುವಾಗ ಸೆರಗಿನಲ್ಲಿ ಒಂದು ಬೊಗಸೆ ಪುಡಿ ಕಟ್ಟಿಕೊಂಡು ಬರುವುದು ರೂಢಿ. ಮಾಲೀಕರೂ ಬೇಡವೆನ್ನುತ್ತಿರಲಿಲ್ಲ. ಹಬ್ಬಕ್ಕೆ ಎರಡು ಬೊಗಸೆ ಹೆಚ್ಚಿಗೆ ಕೊಡುತ್ತಿದ್ದರು.

ಏಳನೇ ಮನೆಯ ಮುಂದೆ ಪ್ರತಿಮಾ ಕುಕ್ಕರುಗಾಲಲ್ಲಿ ಕೂತಳು. "ಸರ್, ಇಲ್ಲಿ ನೋಡಿ." ಅಲ್ಲಿ ರಂಗೋಲಿ ಮಿಣುಗುತ್ತಿರಲಿಲ್ಲ. ಎಳೆಯ ಮೇಲೆ ಇರುವೆ ಸಾಲುಗಟ್ಟಿದ್ದವು. ಅಕ್ಕಿ ಹಿಟ್ಟು. ಪುಕ್ಕಟೆ ಪುಡಿ ಸಿಗುವ ಬೀದಿಯಲ್ಲಿ ಇವರೊಬ್ಬರು ಯಾಕೆ ಅದನ್ನು ಬಿಟ್ಟರು? ಒಳಗಿನಿಂದ ಕೆಮ್ಮು ಕೇಳಿಸಿತು. ಮಾದಮ್ಮ ಸುಳ್ಳು ಹೇಳಿರಲಿಲ್ಲ.

ಗಿರಿಯಮ್ಮ ಬಾಗಿಲಿಗೆ ಬಂದಳು. ನಲವತ್ತೈದರ ಹೆಂಗಸು, ಮೂಳೆ ಚಕ್ಕಳವಾಗಿದ್ದಳು. ಹಾಸನಕ್ಕೆ ಹೊರಟಂತೆ ಒಳ್ಳೆ ಸೀರೆ ಉಟ್ಟಿದ್ದಳು. ಅವಳ ಹಿಂದೆ ಗೋಡೆಗೊರಗಿ ಕೂತಿದ್ದ ಮಗಳು ಲಾವಣ್ಯಳಿಗೆ ಹತ್ತೊಂಬತ್ತು. ಚೂಡಿದಾರದೊಳಗೆ ಮೈ ಇದೆಯೋ ಇಲ್ಲವೋ ಎನ್ನುವಷ್ಟು ಸಣಕಲು. ಹುಡುಗಿ ಉಸಿರಿಗೊಮ್ಮೆ ಭುಜ ಎತ್ತುತ್ತಿದ್ದಳು.

"ಶನಿವಾರ ಮಧ್ಯಾಹ್ನ ಎಲ್ಲಿದ್ದೆ ಗಿರಿಯಮ್ಮ?"

ಅವಳು ಸುಳ್ಳು ಹೇಳುವ ಗೋಜಿಗೇ ಹೋಗಲಿಲ್ಲ. ಕೈಲಿದ್ದ ಬಟ್ಟೆ ಚೀಲವನ್ನು ಎದೆಗೆ ಅವುಚಿಕೊಂಡಳು. "ಏಳೂವರೆ ಬಸ್ಸೈತೆ ಸಾ. ಇವತ್ತು ಮಂಗಳವಾರ, ಎದೆ ಡಾಕ್ಟರು ಇವತ್ತೊಂದೇ ದಿನ ಬರಾದು. ತೋರ್ಸ್ಕೊಂಡು ಬತ್ತೀನಿ, ಆಮೇಲೆ ನೀವು ಏನಾರ ಮಾಡಿ."

"ಚೀಲದಲ್ಲಿ ಏನಿದೆ?"

"ಕಲ್ಲು."

"ಯಾಕೆ ತಗೊಂಡೆ?"

ಗಿರಿಯಮ್ಮ ಹೊಸಿಲ ಮೇಲೆ ಕುಸಿದು ಕೂತಳು. ಹೇಳಿದ್ದನ್ನು ಪ್ರತಿಮಾ ಹಾಗೇ ಬರೆದುಕೊಂಡಳು.

"ಹನ್ನೊಂದು ವರ್ಸ ಪುಡಿ ತಂದೆ ಸಾ ಸೆರಗಲ್ಲಿ. ಇವ್ಳು ಸಣ್ಣೋಳಿದ್ದಾಗಿಂದ ಅದನ್ನ ಪಂಚೇಲಿ ಸೋಸೋಳು, ಬಣ್ಣ ಕಲ್ಸೋಳು, ಪೊಟ್ಣ ಕಟ್ಟಿ ಸಂತೇಲಿ ಮಾರೋಳು. ಇವ್ಳ ಪುಡಿ ಅಂದ್ರೆ ಹಿಟ್ಟಿನಂಗೆ ನೈಸು ಅಂತ ಹುಡಿಕ್ಕೊಂಡು ಬರೋರು. ಕಾರ್ಖಾನೆ ಒಳಗೆ ಒಂದಿನ ಕಾಲಿಟ್ಟೋಳಲ್ಲ ನನ್ ಮಗಳು. ನಾನೇ ತಂದು ಮಡಿಲಿಗೆ ಸುರ್ದೆ." ಅವಳು ಕೆಮ್ಮಿದಳು. ಮಗಳೂ ಕೆಮ್ಮಿದಳು. "ಎರಡ್ ವರ್ಸದಿಂದ ಟಿಬಿ ಮಾತ್ರೆ ನುಂಗ್ತಾ ಅವ್ಳೆ. ಕಮ್ಮಿ ಆಗ್ತಿಲ್ಲ. ಈ ಹೊಸ ಡಾಕ್ಟರಮ್ಮ ಯಾವ ಕಲ್ಲಿನ ಪುಡಿ ಅಂತ ಕೇಳಿದ್ರು. ಬೆಣಚು ಅಂದೆ. ಕಾರ್ಖಾನೆಯೋರು ಬಳಪ ಅಂತ ಕಾಗದ ಕೊಟ್ಟವ್ರಲ್ಲಮ್ಮ, ನಿನ್ ಮಾತಿಗೆ ದಾಖಲೆ ಏನೈತೆ ಅಂದ್ರು. ದಾಖಲೆ ಇಸ್ಕೂಲ್ ಬೀರುನಾಗೆ ಕೂತಿತ್ತು, ಬೀರು ಸುರು ಮಾಡಿದ ದಿನ ಹುಡ್ರು ಚೀಟಿ ಓದಿದ್ದ ಕೇಳಿದ್ದೆ. ಅಲ್ಲೊಬ್ರು ಟೀಚರಮ್ಮನ್ನ ಕೇಳ್ದೆ, ದಾನಿಗಳದು ಕೊಡಾಕಿಲ್ಲ ಅಂದ್ರು."

"ಅವ್ವೋ, ಬಸ್ಸು," ಎಂದಳು ಲಾವಣ್ಯ ಒಳಗಿನಿಂದ.

ಶಿವಪ್ರಕಾಶ್ ಚೀಲ ತೆಗೆದುಕೊಂಡರು. ಬೇರೆ ಏನು ಮಾಡಬಹುದಿತ್ತು? ಕಳವಿನ ಮಾಲು ಕಣ್ಣೆದುರಿಗಿತ್ತು, ಪಂಚರಾಗಿ ಬೀದಿಯವರಿಬ್ಬರು ಬಂದು ನಿಂತಾಗಿತ್ತು. ಬೆಳ್ಳನೆಯ ಕಲ್ಲು, ಮಡಚಿದ ಚೀಟಿ, ಚೀಟಿಯ ಕೆಳಗೆ ನೀಲಿ ಸೀಲು. ಬಟ್ಟೆ ಸುತ್ತಿ ಅರಗು ಹಾಕುವ ಹೊತ್ತಿಗೆ ಏಳೂವರೆ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ತಾಯಿ, ಮಗಳು ಇಬ್ಬರೂ ಅದು ಹೋದ ಕಡೆಗೇ ನೋಡಿದರು.

ಅರಗು ಹಾಕುವ ಮೊದಲು ಇನ್ಸ್‌ಪೆಕ್ಟರ್ ಚೀಟಿಯ ಫೋಟೊ ತೆಗೆದಿದ್ದರು. ಒಂಬತ್ತೂ ಕಾಲಿಗೆ ಠಾಣೆಯ ಹಿಂದಿನ ಹೊಂಗೆ ಮರದಡಿ ನಿಂತು ಹಾಸನದ ಎದೆ ಡಾಕ್ಟರ್ ಸ್ವಾತಿಗೆ ಅದನ್ನು ಕಳಿಸಿ ಫೋನ್ ಮಾಡಿದರು.

"ಬೆಣಚೇ. ನನಗೂ ಅದೇ ಅನುಮಾನ ಇತ್ತು" ಎಂದರು ಡಾಕ್ಟರ್. "ಕಫದಲ್ಲಿ ಮೂರು ಸಲವೂ ಟಿಬಿ ಕ್ರಿಮಿ ಸಿಕ್ಕಿಲ್ಲ. ಬೆಣಚಿನ ಪುಡಿ ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗಿದೆ. ಮಾತ್ರೆ ನಿಲ್ಲಿಸ್ತೀನಿ."

"ನಿಲ್ಲಿಸಿ ಯಾವುದು ಕೊಡ್ತೀರಿ?"

"ಇದಕ್ಕೆ ಔಷಧಿ ಇಲ್ಲ ಸರ್. ಉಸಿರಿಗೆ ಆಕ್ಸಿಜನ್, ಕೆಮ್ಮಿಗೆ ಸಿರಪ್, ಅಷ್ಟೇ. ನಿಜ ಹೇಳ್ಬೇಕು ಅಂದ್ರೆ ಟಿಬಿ ಆಗಿದ್ರೇ ಚೆನ್ನಾಗಿತ್ತು, ವಾಸಿ ಆಗ್ತಿತ್ತು."

ಶಿವಪ್ರಕಾಶ್ ಫೋನ್ ಜೇಬಿಗಿಟ್ಟು ಮರದಡಿಯೇ ನಿಂತರು.

ಹನ್ನೆರಡಕ್ಕೆ ಹೇಮಾಶ್ರೀ ಫೋನ್ ಮಾಡಿದರು. ಶಶಿಕಿರಣ್ ಹೊಸ ಗಾಜು ಹಾಕಿಸಿ, ಹದಿನೇಳನೇ ಜಾಗಕ್ಕೆ ಬೇರೆ ಕಲ್ಲು, ಬೇರೆ ಚೀಟಿ ಇಡಿಸಿದ್ದರಂತೆ. "ಬಳಪದ ಕಲ್ಲು ಎರಡೆರಡು ಆಯ್ತು ಸರ್ ಈಗ. ಮಕ್ಕಳು ಕೇಳಿದ್ರೆ ಏನು ಹೇಳಲಿ?" ಎಂದರು. ಗಣಿ ಇಲಾಖೆಗೊಂದು ವರದಿ ಬರೆಯುವುದೆಂದು ಶಿವಪ್ರಕಾಶ್ ಡೈರಿಯಲ್ಲಿ ಗುರುತು ಮಾಡಿಕೊಂಡರು. ಅಂಥ ಗುರುತುಗಳು ಆ ಡೈರಿಯಲ್ಲಿ ಆಗಲೇ ಬೇಕಾದಷ್ಟಿದ್ದವು.

ಮಧ್ಯಾಹ್ನ ಮೂರೂ ಹತ್ತಕ್ಕೆ ಗಿರಿಯಮ್ಮನ ಬಂಧನ ದಾಖಲಾಯಿತು. ಹೇಳಿಕೆಯಲ್ಲಿ ಕೃತ್ಯದ ಉದ್ದೇಶ ಎಂಬ ಕಡೆ ಪ್ರತಿಮಾ ಬಹಳ ಹೊತ್ತು ಯೋಚಿಸಿ, "ಕಾಯಿಲೆಯ ಹೆಸರು ಸರಿಯಾದರೆ ಮಗಳಿಗೆ ಸರಿಯಾದ ಮಾತ್ರೆ ಸಿಗುತ್ತದೆಂಬ ನಂಬಿಕೆಯಿಂದ" ಎಂದು ಬರೆದಳು.

ಗಿರಿಯಮ್ಮ ಹೆಬ್ಬೆಟ್ಟನ್ನು ಇಂಕ್ ಪ್ಯಾಡಿಗೆ ಒತ್ತಿ ಮೇಲೆ ನೋಡಿದಳು. "ಡಾಕ್ಟರಮ್ಮಂಗೆ ಚೀಟಿ ತೋರ್ಸಿದ್ರಂತಲ್ಲ ಸಾ?"

"ತೋರಿಸಿದೆ."

"ಬೆಣಚು ಅಂತ ಒಪ್ಕೊಂಡ್ರಾ?"

"ಒಪ್ಪಿಕೊಂಡ್ರು."

"ಹಂಗಾರೆ ಇನ್ಮೇಲೆ ಬೇರೆ ಮಾತ್ರೆ ಕೊಡ್ತಾರೆ, ಅಲ್ವಾ?"

ಶಿವಪ್ರಕಾಶ್ ಮೇಜಿನ ಮೇಲಿದ್ದ ಕಾಗದ ಜೋಡಿಸಿದರು. ಜೋಡಿಸಿದ್ದನ್ನೇ ಮತ್ತೊಮ್ಮೆ ಜೋಡಿಸಿದರು.

"ಕೊಡ್ತಾರಮ್ಮ" ಎಂದರು.

"ಆಯ್ತು ಬಿಡಿ ಸಾ, ಅಷ್ಟು ಸಾಕು" ಎಂದು ಗಿರಿಯಮ್ಮ ಮೊದಲ ಸಲ ನಕ್ಕಳು. ಪ್ರತಿಮಾ ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದಳು.