ಇಬ್ಬರ ಬೆಂಚು

ಬಡಗಿ ನ್ಯಾರ್ಕೊ ಟೇಪು ಬಿಚ್ಚಿದ್ದು ನನ್ನ ಬೆನ್ನ ಹಿಂದೆ. ತಿರುಗಿ ನೋಡಿದರೆ ಅದರ ಒಂದು ತುದಿ ಗೋಡೆಗೆ, ಇನ್ನೊಂದು ನನ್ನ ಸೊಂಟದ ಹತ್ತಿರ!

"ನೀನೂ ಗೇಲಿ ಶುರು ಮಾಡಿದ್ಯಾ? ಏನು ಅಳೀತಿದ್ದೀಯಾ?" ಸೌಟು ಎತ್ತಿದೆ.

"ಜಾಗ, ಪೊಕುವಾ... ಬರೀ ಜಾಗ..."

"ಹೋಗಾಚೆ!"

ಹೋದ. ನಾನು ಹೊಗೆಯ ನೆಪದಲ್ಲಿ ಅತ್ತೆ. ಕುಮಾಸಿ ಊರಿನ ಈ ಗ್ಯಾರೇಜು ಬೀದಿಯಲ್ಲಿ ನನ್ನ ಊಟದಂಗಡಿಯ ಫುಫು ಮುದ್ದೆ ಉಣ್ಣದವರಿಲ್ಲ; ನಾನು ಉಣ್ಣುವುದನ್ನು ನೋಡಿದವರೂ ಇಲ್ಲ. ಹೋದ ವರ್ಷ ನನ್ನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಮುರಿದಾಗ ಅಂಗಡಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಂದಿನಿಂದ ಇಲ್ಲಿ ಕೂತಿಲ್ಲ. ಹಗಲೆಲ್ಲ ಉಪವಾಸ, ಗಿರಾಕಿಗಳು ಹೋದ ಮೇಲೆ ಪರದೆಯ ಹಿಂದೆ ಕಳ್ಳಿಯ ಹಾಗೆ, ರುಚಿಯೂ ತಿಳಿಯದಂತೆ, ಹೊಟ್ಟೆ ಬಿರಿಯುವಷ್ಟು ತುರುಕಿಕೊಳ್ಳುವುದು. ತೂಕ ಇಳಿಯಲಿಲ್ಲ, ಬಿಪಿ ಏರಿತು. ಆಸ್ಪತ್ರೆಯಲ್ಲಿ ಸಾಲಿನವರಿಗೆಲ್ಲ ಕೇಳುವಂತೆ ನನ್ನ ತೂಕ ಕೂಗಿದರು. ಮತ್ತೆ ಆ ಕಡೆ ಕಾಲಿಡಲಿಲ್ಲ.

ಮೂರನೇ ದಿನ, ತುಂಬಿದ ಮಧ್ಯಾಹ್ನದ ಹೊತ್ತಿಗೆ, ನ್ಯಾರ್ಕೊ ಬೆಂಚು ಹೊತ್ತು ತಂದ. ಒಲೆಗೂ ಗೋಡೆಗೂ ನಡುವೆ ಇಟ್ಟ. ಅಳತೆ ಮಾಡಿದ್ದು ಇದಕ್ಕೆ! ನನ್ನ ಕಿವಿ ಬಿಸಿಯಾಯಿತು.

"ಇಷ್ಟು ಉದ್ದ ಯಾಕೆ?"

"ಇಬ್ಬರಿಗೆ." ಅವನ ರೆಪ್ಪೆಗಳ ಮೇಲೆ ಮರದ ಪುಡಿ ಇತ್ತು, ಒರೆಸಬೇಕೆನಿಸಿತು. "ಮೊನ್ನೆ ತಲೆ ಸುತ್ತಿ ಕಂಬ ಹಿಡ್ಕೊಂಡ್ಯಲ್ಲ, ನಂಗೆ ಜೀವ ಹೋದಂಗಾಯ್ತು. ಒಂದೇ ಬಟ್ಟಲಿಗೆ ಹಾಕು ಪೊಕುವಾ. ಇನ್ನು ನಾನು ಒಬ್ನೇ ತಿನ್ನಲ್ಲ."

ಎಲ್ಲರೆದುರು ಒಂದು ಗಂಡು, ಒಂದು ಹೆಣ್ಣು ಒಂದೇ ಬಟ್ಟಲಿಗೆ ಕೈ ಹಾಕಿದರೆ ಅವರು ಜೋಡಿ ಎಂದೇ ಅರ್ಥ, ನಮ್ಮಲ್ಲಿ ಅದನ್ನು ಯಾರಿಗೂ ಹೇಳಬೇಕಿಲ್ಲ. ಉಣ್ಣುತ್ತಿದ್ದವರೆಲ್ಲ ನಮ್ಮತ್ತ ತಿರುಗಿದರು.

"ಲೇ ನ್ಯಾರ್ಕೊ," ಲಾರಿ ಡ್ರೈವರ್ ಒಪೊಂಗ್ ಕೂಗಿದ, "ಮೊಳೆ ಜಾಸ್ತಿ ಹೊಡ್ದಿದ್ದೀಯಾ ತಾನೆ? ಆಂಟಿ ಕೂತ್ರೆ ಬೆಂಚಿನ ಗತಿ ಏನಪ್ಪಾ?"

ನಗೆ ಎದ್ದಿತು. ನನ್ನ ಕೈ ಪರದೆಯತ್ತ ಹೋಯಿತು. ನ್ಯಾರ್ಕೊ ನಗಲಿಲ್ಲ. ಬಲಗೈ ತೊಳೆದು, ಬೆಂಚಿನ ಅರ್ಧ ಬಿಟ್ಟು, ಕಾಯುತ್ತ ಕೂತಿದ್ದ.

ಬಟ್ಟಲು ತುಂಬಿಸಿದೆ. ಹೋಗಿ ಕೂತೆ, ಅಂಚಿಗಲ್ಲ, ಇಡೀ ಭಾರ ಬಿಟ್ಟು. ಬೆಂಚು ಕಿರ್ ಎನ್ನಲಿಲ್ಲ.

"ಆಂಟಿ, ಸಾರು!" ಎಂದ ಒಪೊಂಗ್.

"ಎದ್ದು ನೀನೇ ಹಾಕ್ಕೊ. ನಾನು ಊಟಕ್ಕೆ ಕೂತಿದ್ದೀನಿ."

ಈ ಸಲ ಎಲ್ಲರೂ ನಕ್ಕಿದ್ದು ಅವನನ್ನು ನೋಡಿ. ನಾನು ಶೇಂಗಾ ಸಾರಲ್ಲಿ ತುತ್ತು ಅದ್ದಿ ನುಂಗಿದೆ, ನಿಧಾನವಾಗಿ.

"ಅಯ್ಯೋ, ಎಷ್ಟು ಖಾರ!"

"ಆರು ತಿಂಗಳಿಂದ ಇಷ್ಟೇ ಖಾರ."

"ಹೇಳ್ಬಾರ್ದಿತ್ತಾ?"

"ಒಂದಿನ ನೀನೇ ತಿಂದು ಹೇಳ್ತೀಯ ಅಂತ ಕಾಯ್ತಿದ್ದೆ," ಎಂದು ದೊಡ್ಡ ಮಾಂಸದ ತುಂಡನ್ನು ನನ್ನ ಕಡೆಗೆ ಸರಿಸಿದ.

ತಿಂದೆ. ಎಲ್ಲರೂ ನೋಡುತ್ತಿದ್ದರು.