ಥೇಟ್ ಪ್ಲೇಟಿನ ಹಾಗೆ

"ನಿನ್ನೆ ಮೂರನೇದು ಹಾಕಿದ್ರಲ್ಲ, ಆ ಪ್ಲೇಟು ಯಾರದು?"

ಶಫಿ ತಲೆ ಎತ್ತಿದ. ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಬುರ್ಖಾದ ಮುಸುಕನ್ನು ಹಣೆಗೆ ಸರಿಸಿಕೊಂಡು ನಿಂತಿದ್ದಳು. ಅವಳ ಹಿಂದೆ ಪಕ್ಕದ ಮನೆಯ ರಹಿಮತ್ಬಿ. ಲಾರಿ ಮಾಲೀಕ ಅಬ್ದುಲ್ ಗಫೂರ್ ಸಾಹೇಬರ ಹಿರಿಯ ಮಗಳ ಮದುವೆಗೆ ನಿನ್ನೆ ಮೈಕ್‌ಸೆಟ್ ಹಾಕಿದವನು ಶಫಿಯೇ. ಇವಳು ಅವರ ಕಿರಿಯ ಮಗಳು ಜೊಹರಾ, ರಹಿಮತ್ಬಿಯ ತಂಗಿಯ ಮಗಳು.

"ವ್ಯಾನ್ ಶಿಪ್ಲೆಯವರದು," ಎಂದ ಶಫಿ. ಸಿನಿಮಾ ಟ್ಯೂನುಗಳನ್ನು ಗಿಟಾರಿನಲ್ಲಿ ಬಾರಿಸಿ ಗ್ರಾಮಫೋನ್ ಪ್ಲೇಟು ಮಾಡುವವರು ಅವರು.

"ಮೊದಲಿನ ಎರಡು ಅವರದು. ನಾನು ಕೇಳಿದ್ದು ಮೂರನೇದು."

"ಅದೂ ಅವರದೇ."

"ಸುಳ್ಳು ಹೇಳ್ತೀರಿ," ಎಂದು ನಕ್ಕಳು.

ಹೇಳಿದ್ದು ಸುಳ್ಳೇ. ಅಂಗಡಿಯ ಯಜಮಾನ ಮಡಿವಾಳಪ್ಪನ ಹತ್ತಿರ ಮೈಕ್‌ಸೆಟ್ ಗೊತ್ತು ಮಾಡುವಾಗಲೇ ಗಫೂರ್ ಸಾಹೇಬರು ಕರಾರು ಹಾಕಿದ್ದರು: ಬಾಜಾ ಇರಲಿ, ಹಾಡು ಬೇಡ. ಸಿನಿಮಾದ ಪ್ರೀತಿ ಪ್ರೇಮದ ಮಾತು ತಮ್ಮ ಚಪ್ಪರದಲ್ಲಿ ಕೇಳಕೂಡದು. ಮಾತಿಲ್ಲದ ಬರೀ ಟ್ಯೂನಾದರೆ ಅಡ್ಡಿಯಿಲ್ಲ. ಹಾಗಾಗಿ ಗಿಟಾರಿನ ಪ್ಲೇಟುಗಳೇ ಗತಿ. ಒಳಗೆ ಹೆಂಗಸರು ಆ ಟ್ಯೂನಿಗೆ ತಕ್ಕ ಮಾತನ್ನೆಲ್ಲ ಒಂದಕ್ಷರ ಬಿಡದೆ ಗುನುಗುತ್ತಿದ್ದರು. ಅದು ಸಾಹೇಬರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿದರೂ ಕೇಳಿಸದ ಹಾಗೆ ಇದ್ದರು.

ಅಂಗಡಿಯಲ್ಲಿದ್ದ ಗಿಟಾರಿನ ಪ್ಲೇಟುಗಳಲ್ಲಿ ಒಂದು ಶಿರಸಿಯಿಂದ ಬರುವ ದಾರಿಯಲ್ಲಿ ಬಿರುಕು ಬಿಟ್ಟಿತ್ತು. ಶಫಿ ಪರದೆಯ ಹಿಂದೆ ಕೂತು, ತನ್ನ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತ ಅದೇ ಟ್ಯೂನನ್ನು ಬಾರಿಸಿಬಿಟ್ಟಿದ್ದ. ಚಪ್ಪರದಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಆ ಹೆಮ್ಮೆ ಇನ್ನೂ ಆರುವ ಮೊದಲೇ ಇವಳು ಬಂದಿದ್ದಳು.

"ಹೇಗೆ ಗೊತ್ತಾಯ್ತು?"

"ಹೇಳೋದಿಲ್ಲ. ಹೇಳಿದ್ರೆ ಅದನ್ನೂ ಸರಿ ಮಾಡ್ಕೊಂಡ್ಬಿಡ್ತೀರಿ."

"ನಡಿ ನಡಿ," ಎಂದಳು ರಹಿಮತ್ಬಿ. "ದಾರದುಂಡೆ ತರ್ಲಿಕ್ಕೆ ಅಂತ ಹೊರಟವಳು, ಇಲ್ಲಿ ಎಂತ ನಿನ್ನ ಪಂಚಾಯ್ತಿ?"

ಮುಸುಕು ಇಳಿಸುವ ಮೊದಲು ಜೊಹರಾ ಒಂದು ಸಲ ಅವನ ಬೆರಳುಗಳನ್ನು ನೋಡಿದಳು. ಮುಖವನ್ನು ನೋಡಲಿಲ್ಲ. ಹುಡುಗಿ ಮುಖ ನೋಡಿದರೆ ಗಂಡಸು ನಾಲ್ಕು ದಿನ ನಿದ್ದೆಗೆಟ್ಟು ಸುಧಾರಿಸಿಕೊಳ್ಳುತ್ತಾನೆ. ಬೆರಳು ನೋಡಿದರೆ ಅವನ ಕಥೆ ಮುಗಿದಂತೆಯೇ. ಶಫಿಯ ಕಥೆ ಹಾಗೆ ಮುಗಿಯಿತು, ಮಿಕ್ಕಿದ್ದೆಲ್ಲ ಅದರ ಬಾಲ.

ರಹಿಮತ್ಬಿ ವಿಧವೆ, ಹೊಲಿಗೆ ಹೇಳಿಕೊಟ್ಟು ಬದುಕುವವಳು. ಅವಳ ಮನೆಗೂ ಅಂಗಡಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಬಿಡುವಾದಾಗ ಶಫಿ ಗಿಟಾರು ಬಾರಿಸಿದ್ದೆಲ್ಲ ಆಚೆ ಕೇಳುತ್ತಿತ್ತು. ಜೊಹರಾ ಅಲ್ಲಿಗೆ ಹೊಲಿಗೆ ಕಲಿಯಲು ಬರತೊಡಗಿದಳು. ಲಾರಿ ಮಾಲೀಕರ ಮಗಳಿಗೆ ಹೊಲಿಗೆ ಕಲಿತು ಆಗಬೇಕಾದ್ದೇನೂ ಇರಲಿಲ್ಲ. ಇಡೀ ಬೇಸಿಗೆ ಕಳೆದರೂ ಒಂದು ದಿಂಬಿನ ಚೀಲ ಮುಗಿಯದ್ದನ್ನು ಕಂಡು ರಹಿಮತ್ಬಿಗೆ ವಿಷಯ ತಿಳಿಯಿತು. ತಿಳಿದರೂ ಸುಮ್ಮನಿದ್ದಳು.

ಬೆಳಿಗ್ಗೆ ರಹಿಮತ್ಬಿಯ ಬ್ಯಾಟರಿ ರೇಡಿಯೋದಲ್ಲಿ ಸಿಲೋನ್ ಸ್ಟೇಷನ್ ಹಚ್ಚಿದಾಗ ಹಲಗೆಯ ಆಚೆಯಿಂದ ಮಾತು ಬರುತ್ತಿತ್ತು.

"ಕೇಳಿದ್ರಾ? ಹಜಾರಾ ಸಿಂಗ್."

"ಕೇಳ್ದೆ. ಮೂಗಿನಲ್ಲಿ ಅತ್ತ ಹಾಗೆ ಬಾರಿಸ್ತಾರೆ."

"ಅತ್ರೆ ಎಂತಾಯ್ತು? ನಿಮ್ಮ ಶಿಪ್ಲೆ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡೇ ಬಾರಿಸ್ತಾರೆ. ಎಲ್ಲೂ ಒಂದು ಸುಕ್ಕಿಲ್ಲ."

"ಸುಕ್ಕಿರಬಾರ್ದು ಅಂತ್ಲೇ ಇಸ್ತ್ರಿ ಮಾಡೋದು."

"ಅದಕ್ಕೇ ಅವರ ಕಾಪಿ ಮಾಡ್ತೀರಾ?"

"ಅವರೂ ಸಿನಿಮಾ ಟ್ಯೂನೇ ಬಾರಿಸೋದು. ನಿಮ್ಮ ಹಜಾರಾ ಸಿಂಗೂ ಅಷ್ಟೇ. ಎಲ್ಲರದೂ ಕಾಪಿನೇ."

ಆಚೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅಲ್ಲ," ಎಂದಳು ಜೊಹರಾ. "ಒಂದೇ ಟ್ಯೂನನ್ನ ಇಬ್ಬರೂ ಬಾರಿಸಿದ್ರೂ ಇದು ಇವರು, ಅದು ಅವರು ಅಂತ ನಾನು ಕಣ್ಣು ಮುಚ್ಚಿ ಹೇಳ್ತೇನೆ. ನೀವು ಬಾರಿಸಿದ್ದು ಕೇಳಿ ಜನ ಯಾರ ಹೆಸರು ಹೇಳ್ಬೇಕು?"

ಶಫಿಗೆ ಆ ಮಾತು ನಾಟಿತು. ಆದರೆ ನಾಟಬಾರದ ಕಡೆ ನಾಟಿತು. ತನ್ನ ಕೈಯಲ್ಲಿ ಏನೋ ಕೊರತೆಯಿದೆ, ಅದನ್ನು ಕಂಡೇ ಇವಳು ಮೊದಲ ದಿನ ನಕ್ಕಳು, ಈಗಲೂ ಅದನ್ನೇ ಚುಚ್ಚುತ್ತಿದ್ದಾಳೆ ಎಂದುಕೊಂಡ. ಹುಡುಗಿಯರ ಕೀಟಲೆಯ ಒಳಗೇನಿದೆ ಎಂದು ಬಿಡಿಸಿ ನೋಡುವಷ್ಟು ವ್ಯವಧಾನ ಅವನಿಗಿರಲಿಲ್ಲ. ಯಜಮಾನ ಮಡಿವಾಳಪ್ಪ ಬನವಾಸಿಯ ಕಡೆಯವನು, ಸೀದಾ ಮಾತಿನ ಮನುಷ್ಯ. ಅವನನ್ನು ಕೇಳಿದರೆ, "ಗಿರಾಕಿಗೆ ಬೇಕಾಗಿರೂದು ಪ್ಲೇಟಪಾ, ನೀ ಅಲ್ಲ. ಥೇಟ್ ಪ್ಲೇಟಿನಂಗ ಬಾರಿಸಿದಿ ಅಂದ್ರ ಗೆದ್ದಿ," ಎಂದ.

ಅವಳೆಂದರೆ ಶಫಿಗೆ ಜೀವ. ಹಲಗೆಯ ಆಚೆ ಅವಳ ಬಳೆಯ ಸದ್ದಾದರೆ ಅವನ ದಿನ ಬೆಳಗುತ್ತಿತ್ತು, ಅವಳು ಬಾರದ ದಿನ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಇಷ್ಟೆಲ್ಲ ಇದ್ದೂ ಆಸೆಯೊಂದು ಇರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಶಫಿಗೆ ಹಾಸಿಗೆಯೇ ಇರಲಿಲ್ಲ, ಅಂಗಡಿಯ ಬೆಂಚಿನ ಮೇಲೆ ಮಲಗುತ್ತಿದ್ದ. ತಂದೆ ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರು. ಲಾರಿ ಸಾಹೇಬರ ಬಾಗಿಲಿಗೆ ಹೋಗಿ ಹೆಣ್ಣು ಕೇಳುವ ಹಿರಿಯರು ಅವನಿಗೆ ಯಾರೂ ಇರಲಿಲ್ಲ.

ಕೊನೆಗೆ ಕೇಳಿದವಳು ರಹಿಮತ್ಬಿ. ಗಫೂರ್ ಸಾಹೇಬರು ಸಿಟ್ಟು ಮಾಡಲಿಲ್ಲ, ನಕ್ಕರು. "ಮದುವೇಲಿ ಬಾಜಾ ಬಾರಿಸುವವನನ್ನ ಮದುಮಗನ ಕುರ್ಚಿಲಿ ಕೂರಿಸ್ಲಿಕ್ಕೆ ಆಗ್ತದಾ, ಆಪಾ?" ಎಂದರು. ಮಾರನೆಯ ದಿನದಿಂದ ಜೊಹರಾಳ ಹೊಲಿಗೆ ನಿಂತಿತು.

ಆಮೇಲಿನ ತಿಂಗಳುಗಳು ಶಫಿಗೆ ಹೇಗೆ ಕಳೆದವೆಂದು ಕೇಳಬಾರದು. ಸಿದ್ದಾಪುರ, ಬಿಳಗಿ, ಶಿರಸಿ ಎಂದು ಮದುವೆಯಿಂದ ಮದುವೆಗೆ ಮೈಕ್‌ಸೆಟ್ ಹೊತ್ತು ತಿರುಗಿದ. ಬಿರುಕು ಬಿಟ್ಟಿದ್ದ ಶಿಪ್ಲೆಯ ಆ ಪ್ಲೇಟನ್ನೇ ಹುಬ್ಬಳ್ಳಿಯಿಂದ ಹೊಸದಾಗಿ ತರಿಸಿಕೊಂಡ. ಬಿಡುವಾದಾಗೆಲ್ಲ ಅದನ್ನು ತಿರುಗಿಸಿ, ಅದರ ಜೊತೆಗೇ ಬಾರಿಸಿ, ತನ್ನ ಕೊರತೆಯನ್ನು ಹುಡುಕಿದ. ಹುಡುಕಿದವನಿಗೆ ಅದು ಸಿಕ್ಕಿತು. ಟ್ಯೂನು ಮೇಲಿನ ಸ್ವರಕ್ಕೆ ಏರುವಲ್ಲಿ ಅವನ ಕೈ ಸ್ವಲ್ಪ ತಡೆಯುತ್ತಿತ್ತು, ಬಾಗಿಲು ತಟ್ಟಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತವನ ಹಾಗೆ. ಶಿಪ್ಲೆ ಅಲ್ಲಿ ತಡೆಯುವುದೇ ಇಲ್ಲ. ಶಫಿಗೆ ನಾಚಿಕೆಯಾಯಿತು. ಕೈ ನೋಯುವವರೆಗೆ ಸಾಧನೆ ಮಾಡಿ ಆ ತಡೆಯನ್ನು ಬೇರುಸಮೇತ ಕಿತ್ತುಹಾಕಿದ. ಮಾಡಲು ಬೇರೆ ಏನೂ ಇಲ್ಲದವನು ಇನ್ನೇನು ಮಾಡುತ್ತಾನೆ.

ಹುಬ್ಬಳ್ಳಿಯ ಮರದ ವ್ಯಾಪಾರಿಯ ಮಗನೊಂದಿಗೆ ಜೊಹರಾಳ ನಿಶ್ಚಯವಾಯಿತು. ಮೈಕ್‌ಸೆಟ್ ಮತ್ತೆ ಮಡಿವಾಳಪ್ಪನದೇ, ಕರಾರೂ ಅದೇ. ಮದುವೆಗೆ ಒಂದು ವಾರವಿರುವಾಗ ಅವಳು ಬಟ್ಟೆಯ ಅಳತೆ ಕೊಡಲು ರಹಿಮತ್ಬಿಯ ಮನೆಗೆ ಬಂದಳು. ಬಂದವಳು ಹಲಗೆಯ ಗೋಡೆಗೆ ಹಣೆ ಹಚ್ಚಿ ನಿಂತಳು.

"ಇದ್ದೀರಾ?"

"ಇದ್ದೇನೆ."

"ಎಂತಾದ್ರೂ ಹೇಳ್ಲಿಕ್ಕೆ ಇದ್ಯಾ?"

ಹೇಳಲಿಕ್ಕೆ ಅವನಲ್ಲಿ ಬೆಟ್ಟದಷ್ಟಿತ್ತು. ಆದರೆ ಬಾಯಿಗೆ ಬಂದದ್ದು, "ನಿಮ್ಮ ಅಬ್ಬಾ ಒಪ್ಪೋದಿಲ್ಲ," ಎಂಬ ಮಾತು ಮಾತ್ರ.

"ಅದು ಊರಿಗೇ ಗೊತ್ತು. ಕೇಳಿ, ನಾಳೆಯಿಂದ ನನಗೆ ಅರಿಶಿನ ಹಚ್ಚಿ ಕೋಣೇಲಿ ಕೂರಿಸ್ತಾರೆ, ಮತ್ತೆ ಮಾತಿಲ್ಲ. ನಿಕಾಹ್ ದಿವಸ ಹಿರಿಯರು ಪರದೆ ಹತ್ರ ಬಂದು ಒಪ್ಪಿಗೆ ಇದ್ಯಾ ಅಂತ ನನ್ನನ್ನೇ ಕೇಳ್ಬೇಕು. ಮಿಕ್ಕಿದ್ದೆಲ್ಲ ಅಬ್ಬಾ ಹೇಳಬಹುದು, ಆ ಒಂದು ಮಾತು ನಾನೇ ಹೇಳ್ಬೇಕು. ಇಲ್ಲ ಅನ್ನೋ ಧೈರ್ಯ ನನಗುಂಟು."

ಶಫಿ ಹಲಗೆಗೆ ಇನ್ನಷ್ಟು ಹತ್ತಿರ ಸರಿದ.

"ಆದ್ರೆ ಇಲ್ಲ ಅಂದು ಹೊರಗೆ ಬಂದಾಗ ನೀವು ನಿಂತಿರಬೇಕು. ಅಬ್ಬಾನ ಲಾರಿಯವರೆಲ್ಲ ಹೊಡೀಲಿಕ್ಕೆ ಬಂದ್ರೂ ನಿಂತಿರಬೇಕು. ನಿಲ್ತೀರಾ?"

ಹೂಂ ಎನ್ನಲು ಎಷ್ಟು ಹೊತ್ತು ಬೇಕು? ಅವನಿಗೆ ಅಷ್ಟು ಹೊತ್ತೂ ಸಾಲಲಿಲ್ಲ.

"ಈಗ ಹೇಳೋದು ಬೇಡ," ಎಂದಳು. ಸ್ವರ ಸಣ್ಣಗಾಗಿತ್ತು. "ಯೋಚನೆ ಮಾಡಿ. ಕಾಜಿ ಬರೋ ಮೊದಲು ಕೊನೇ ಪ್ಲೇಟು ಹಾಕ್ತೀರಲ್ಲ, ಅವತ್ತು ಅಕ್ಕನ ಮದುವೇಲಿ ಬಾರಿಸಿದ್ದು, ಅದೇ ಟ್ಯೂನು. ನೀವೇ ಬಾರಿಸಿದ್ರೆ ನಿಲ್ತೀರಿ ಅಂತ ಅರ್ಥ, ನಾನು ಇಲ್ಲ ಅಂತೇನೆ. ಪ್ಲೇಟು ಹಾಕಿದ್ರೆ ಒಪ್ಕೊಂಡು ಹೋಗ್ತೇನೆ. ನಿಮ್ಮ ಕೈ ನನಗೆ ಗೊತ್ತಾಗ್ತದೆ, ಹೆದರಬೇಡಿ."

ಆ ವಾರವೆಲ್ಲ ಶಫಿ ಹೆದರಿದ. ಅಂಗಡಿ ಹೋಗುತ್ತದೆ, ಊರು ಬಿಡಬೇಕಾಗುತ್ತದೆ, ಮೈ ಮೂಳೆ ಮುರಿಯುತ್ತದೆ. ಎಲ್ಲವನ್ನೂ ಲೆಕ್ಕ ಹಾಕಿ, ಕೊನೆಗೊಂದು ದಿನ ಬೆಂಚಿನ ಮೇಲೆ ಎದ್ದು ಕೂತು, ಹೋದರೆ ಹೋಗಲಿ ಎಂದುಕೊಂಡ. ಹಾಗೆಂದುಕೊಂಡ ಮೇಲೆ ಅವನಿಗೆ ಹಿಂದೆಂದೂ ಬಾರದಂಥ ನಿದ್ದೆ ಬಂತು. ಅವನ ಪಾಲಿಗೆ ಬಂದ ಸುಖ ಅದೊಂದೇ.

ಮದುವೆಯ ದಿನ ಮೈಕ್‌ಸೆಟ್ಟನ್ನು ಚಪ್ಪರದ ಪಕ್ಕ ನಿಂತಿದ್ದ ಸಾಹೇಬರ ಲಾರಿಯ ಮೇಲೇ ಇಟ್ಟಿದ್ದರು. ಬಿಸಿಲಿಗೆಂದು ಸುತ್ತ ತಾಡಪತ್ರಿ ಕಟ್ಟಿದ್ದರಿಂದ ಒಳಗೆ ಕೂತವನು ಯಾರಿಗೂ ಕಾಣುತ್ತಿರಲಿಲ್ಲ. ಹುಬ್ಬಳ್ಳಿಯ ದಿಬ್ಬಣ ಬಂದು ಕೂತಿತು. ಕಾಜಿಯವರು ಬರುತ್ತಿದ್ದಾರೆಂದು ಮಡಿವಾಳಪ್ಪ ಹೊರಗಿನಿಂದ ಕೂಗಿದ. "ಕಡೀದೊಂದು ಹಚ್ಚಿ ಬಂದ್ ಮಾಡೋ."

ಶಫಿ ಪ್ಲೇಟನ್ನು ಮುಟ್ಟಲಿಲ್ಲ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗೆ ಉಕ್ಕು ತಾಗಿಸಿದ.

ಬಾರಿಸಿದ, ಅವನ ಬದುಕಿನಲ್ಲೇ ಹಾಗೆ ಬಾರಿಸಿರಲಿಲ್ಲ. ಒಂದು ಸ್ವರ ಅಲುಗಲಿಲ್ಲ. ಟ್ಯೂನು ಮೇಲೇರುವ ಜಾಗ ಬಂದಾಗ ಅವನಿಗೆ ಹಳೆಯ ತಡೆ ನೆನಪಾಯಿತು, ಅವಳ ಮೊದಲ ದಿನದ ನಗುವೂ ನೆನಪಾಯಿತು. ಇವತ್ತು ನಗಲಾರೆ ನೀನು ಎಂದುಕೊಂಡು ಕೈಯನ್ನು ನೇರವಾಗಿ ಮೇಲಕ್ಕೆ ಒಯ್ದ. ಅದು ಮಿಸುಕದೆ, ನಿಲ್ಲದೆ ಹೋಗಿ ಸ್ವರದ ನಡುಮಧ್ಯಕ್ಕೆ ಕೂತಿತು. ಮುಗಿಸಿದಾಗ ಅವನ ಕಣ್ಣುಗಳು ತುಂಬಿದ್ದವು. ಸ್ವಿಚ್ ಆರಿಸಿ, ಹೊಡೆತ ತಿನ್ನಲು ಸಿದ್ಧನಾಗಿ ಕಾದು ಕೂತ.

ಚಪ್ಪರದಲ್ಲಿ ಗದ್ದಲವೇಳಲಿಲ್ಲ. ಸ್ವಲ್ಪ ಹೊತ್ತಿಗೆ ಕಾಜಿಯವರ ಓದು ಕೇಳಿಸಿತು. ಆಮೇಲೆ ಮುಬಾರಕ್ ಮುಬಾರಕ್ ಎಂಬ ದನಿಗಳು, ನಿಕಾಹ್ ಮುಗಿದಾಗ ಎರಚುವ ಉತ್ತುತ್ತೆಯ ಸದ್ದು.

ತಾಡಪತ್ರಿ ಸರಿಸಿ ರಹಿಮತ್ಬಿ ಇಣುಕಿದಳು. ಅವಳ ಮುಖ ಸಿಟ್ಟಿನಲ್ಲಿತ್ತು.

"ಪ್ಲೇಟು ಹಾಕಿ ಕೂತ್ಯಲ್ಲ, ಮಗನೇ. ಅವಳು ಕಿಟಕಿಗೆ ಕಿವಿ ಕೊಟ್ಟು ಕೂತಿದ್ಲು. 'ಮೇಲೆ ಏರುವಲ್ಲಿ ಅವರ ಕೈ ತಡೀತದೆ ಖಾಲಾ, ಅದೊಂದು ಕೇಳ್ಲಿಕ್ಕೇ ನಾನು ಹೊಲಿಗೆಗೆ ಬರ್ತಿದ್ದದ್ದು,' ಅಂತ ನಿನ್ನೆ ಹೇಳಿ ಅತ್ತಿದ್ಲು. ಇವತ್ತು ಆ ಜಾಗ ಬಂತು. ತಡೀಲಿಲ್ಲ. 'ಪ್ಲೇಟು,' ಅಂದ್ಲು. ಹಿರಿಯರು ಕೇಳಿದ್ದೇ ತಡ ಹೂಂ ಅಂದ್ಬಿಟ್ಲು."

ಹೇಳುತ್ತಿದ್ದವಳ ಕಣ್ಣು ಅವನ ತೊಡೆಯ ಮೇಲಿದ್ದ ಗಿಟಾರಿಗೆ ಬಿತ್ತು. ಅಲ್ಲಿಂದ ಮೈಕಿಗೆ ಹೋದ ವೈರಿಗೆ ಬಿತ್ತು. ರಹಿಮತ್ಬಿ ಲಾರಿಯ ಹಲಗೆ ಹಿಡಿದುಕೊಂಡಳು.

"ಯಾ ಅಲ್ಲಾ. ನೀನೇ ಬಾರಿಸಿದ್ದಾ?"

ಶಫಿ ಮುಟ್ಟದೇ ಇಟ್ಟಿದ್ದ ಪ್ಲೇಟನ್ನು ಅವಳತ್ತ ಸರಿಸಿದ.

"ನಾನು ಹೋಗಿ ಹೇಳ್ತೇನೆ."

"ಬೇಡ ಖಾಲಾ."

"ನಿನ್ನನ್ನ ಹೇಡಿ ಅಂದ್ಕೊಂಡು ಹೋಗ್ತಾಳೋ."

"ಹೋಗ್ಲಿ. ನಿಕಾಹ್ ಆಗಿಹೋಯ್ತು. ಈಗ ಹೇಳಿದ್ರೆ ತನ್ನ ಕಿವಿನೇ ತನಗೆ ಮೋಸ ಮಾಡ್ತು ಅಂತ ಕೊರಗ್ತಾಳೆ. ನನ್ನ ಮೇಲೆ ಸಿಟ್ಟಿದ್ರೆ ಹೇಗೋ ಬಾಳ್ತಾಳೆ."

ಅಷ್ಟು ವಿವೇಕ ಎಲ್ಲಿಂದ ಬಂತೋ, ಬರಬೇಕಾದಾಗ ಬಾರದೆ ಈಗ ಬಂದಿತ್ತು.

ಊಟವಾಗಿ ಹೆಣ್ಣನ್ನು ಕಳಿಸುವ ಹೊತ್ತಿಗೆ ಹುಬ್ಬಳ್ಳಿಯ ಬಾಡಿಗೆ ಕಾರು ಲಾರಿಯ ಪಕ್ಕಕ್ಕೇ ಬಂದು ನಿಂತಿತು. ಗಂಡಸರು ಹಿಂದುಗಡೆ ಟ್ರಂಕು ಕಟ್ಟುತ್ತಿದ್ದರು. ಒಳಗೆ ಕೆಂಪು ದಾವಣಿಯ ಮುಸುಕಿನಲ್ಲಿ ಜೊಹರಾ ಒಬ್ಬಳೇ ಕೂತಿದ್ದಳು. ಕಾರಿನ ಬಾಗಿಲು ತೆರೆದೇ ಇತ್ತು. ಶಫಿ ವೈರು ಸುತ್ತುತ್ತ ಅಲ್ಲಿಗೆ ಬಂದ. ಅವಳು ಮುಸುಕು ಎತ್ತಲಿಲ್ಲ. ಗೋರಂಟಿ ಹಚ್ಚಿದ ಕೈಗಳು ಮಡಿಲಲ್ಲಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು.

"ಕೊನೇವರೆಗೂ ಕೇಳ್ದೆ," ಎಂದಳು.

ನಿಜ ಅವನ ನಾಲಿಗೆಯ ತುದಿಯಲ್ಲಿತ್ತು. ನಾನೇ ಬಾರಿಸಿದ್ದು, ನಿನಗಾಗಿಯೇ, ಒಂದು ತಪ್ಪೂ ಇಲ್ಲದೆ. ಅವನು ವೈರನ್ನು ಇನ್ನೊಂದು ಸುತ್ತು ಸುತ್ತಿದ.

"ಧೈರ್ಯ ಆಗ್ಲಿಲ್ಲ, ಜೊಹರಾ."

ಅವಳ ಹೆಸರನ್ನು ಅವಳೆದುರು ಅವನು ಹೇಳಿದ್ದು ಅದೇ ಮೊದಲು.

"ಖುದಾ ಹಾಫಿಜ್, ಶಫಿಭಾಯ್."

ಇಬ್ಬರ ಮನೆಮಾತೂ ಉರ್ದು. ಉರ್ದುವಿನಲ್ಲಾಡಿದರೆ ಅವನನ್ನು ಭಾಯ್, ಅಣ್ಣ, ಎನ್ನಬೇಕಾಗುತ್ತದೆಂದೇ ಅವಳು ಇಷ್ಟು ದಿನ ಅವನೊಂದಿಗೆ ಕನ್ನಡದಲ್ಲಿ ಮಾತಾಡಿದ್ದಳು. ಶಫಿಗೆ ಅದು ಗೊತ್ತಾದದ್ದು ಆಗಲೇ.

ಟ್ರಂಕು ಕಟ್ಟಿ ಮುಗಿದಿತ್ತು. ಹತ್ತಿರ ಬೇರೆ ಯಾರೂ ಇಲ್ಲದ್ದರಿಂದ ಕಾರಿನ ಬಾಗಿಲನ್ನು ಅವನೇ ಹಾಕಿದ.